ಸುದ್ದಿ ಅಂಗಳ ಮುಟ್ಟುವ ತನಕ

ಗುಡ್ಡದ ಮಂಜು ಇನ್ನೂ ಕರಗಿಲ್ಲ. ಫೋರ್ಟ್ ಪೋರ್ಟಲ್ ಪಟ್ಟಣದ ಮೇಲಣ ದಿಬ್ಬದಲ್ಲಿರುವ ಸಣ್ಣ ರೇಡಿಯೋ ಕೇಂದ್ರದ ಒಳಗೆ ಬಸಾಲಿಜಾ ಅರಾಲಿ ತಮ್ಮ ಕೋಟನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ, ಎಂಡಿಂಗಿಡಿಯನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಉಡದ ಚರ್ಮ ಬಿಗಿದ, ಒಂದೇ ಒಂದು ತಂತಿಯ ಪಿಟೀಲು ಅದು. ಕಣ್ಣು ಮುಚ್ಚಿ ಒಂದು ಗಳಿಗೆ ತುಟಿಯಲ್ಲೇ ಪ್ರಾರ್ಥನೆ ಹೇಳಿ, ಕಮಾನನ್ನು ತಂತಿಗೆ ತಾಗಿಸುತ್ತಾರೆ. ಕೆಳಗೆ ಚಹಾ ತೋಟಗಳ ನಡುವಿನ ಮನೆಗಳಲ್ಲಿ, ಹಾಲು ಕರೆಯುವವರ ಪಕ್ಕದಲ್ಲಿ, ಒಲೆಗೆ ಊದುವವರ ಪಕ್ಕದಲ್ಲಿ, ಸಾವಿರಾರು ರೇಡಿಯೋಗಳು ಒಟ್ಟಿಗೆ ಸಣ್ಣಗೆ ಗುನುಗತೊಡಗುತ್ತವೆ.

ಮೇಜಿನ ಮೇಲೆ ಚೀಟಿಗಳಿವೆ. ನಿನ್ನೆ ಸಂಜೆಯಿಂದ ಬಂದ ಸಾವಿನ ಸುದ್ದಿಗಳು. ಅವನ್ನು ಓದುವುದೇ ಅರಾಲಿಯವರ ಬೆಳಗಿನ ಕೆಲಸ. ಆದರೆ ಅವರು ಕೂಡಲೇ ಓದುವುದಿಲ್ಲ, ನುಡಿಸುತ್ತಲೇ ಇರುತ್ತಾರೆ. ಗಾಜಿನ ಆಚೆ ಕೇಂದ್ರದ ಮೇಲ್ವಿಚಾರಕಿ ತುಸೀಮೆ ಒಂದೊಂದೇ ಊರಿಗೆ ಫೋನು ಮಾಡಿ ಕೇಳುತ್ತಾಳೆ: ಸುದ್ದಿ ಮನೆಗೆ ಬಂದು ಕೂತಿದೆಯಾ? ಕೂತಿದೆ ಎಂದರೆ ಹೆಬ್ಬೆರಳು ಎತ್ತಿ ತೋರಿಸುತ್ತಾಳೆ. ಇಲ್ಲ, ಸುದ್ದಿ ಹೇಳಲು ಹೊರಟ ದೊಡ್ಡಪ್ಪ ಇನ್ನೂ ದಾರಿಯಲ್ಲಿದ್ದಾರೆ ಎಂದರೆ ತಲೆ ಅಲ್ಲಾಡಿಸುತ್ತಾಳೆ. ಆಗ ಕಮಾನು ಮತ್ತೆ ತಂತಿಯ ಮೇಲೆ ಹೋಗುತ್ತದೆ.

ಇದು ಈ ಸೀಮೆಯವರಿಗೆಲ್ಲ ಗೊತ್ತು. ಪಿಟೀಲು ಬೇಗ ನಿಂತರೆ ಸತ್ತವರ ಮನೆಯಲ್ಲಿ ಜನ ಸೇರಿದ್ದಾರೆ ಎಂದರ್ಥ. ತುಂಬ ಹೊತ್ತು ನಡೆದರೆ ಯಾವುದೋ ಅಂಗಳಕ್ಕೆ ಯಾರೋ ಇನ್ನೂ ನಡೆಯುತ್ತಿದ್ದಾರೆ. ಚಹಾ ಅಂಗಡಿಯಲ್ಲಿ ಲೋಟ ಹಿಡಿದವರು ಮಾತು ತಗ್ಗಿಸುತ್ತಾರೆ. ಯಾರ ಮನೆಯೋ ತಿಳಿಯದೆ, ಆ ನಡೆಯುವ ಕಾಲುಗಳಿಗಾಗಿ ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಳ್ಳುತ್ತಾರೆ.

“ಮೊದಮೊದಲು ಜಗಳ ಆಡ್ತಿದ್ದೆ. ಸೋಪಿನ ಜಾಹೀರಾತು, ಗೊಬ್ಬರದ ಜಾಹೀರಾತು, ಎಲ್ಲಾ ಈ ಮುದುಕನ ಪಿಟೀಲಿನ ಹಿಂದೆ ಕೂತ್ಕೊಂಡು ಕಾಯ್ಬೇಕು,” ಎನ್ನುತ್ತಾಳೆ ತುಸೀಮೆ. “ಈಗ ನಾನೇ ಫೋನ್ ಮಾಡ್ತೀನಿ. ಏನ್ ಮಾಡೋದು, ನನಗೂ ತಾಯಿ ಇದ್ದಾಳಲ್ಲ.”

ಅರಾಲಿಯವರ ವಯಸ್ಸು ಅರವತ್ತರ ಹತ್ತಿರ. ಬೆಳಿಗ್ಗೆ ಸಾವು ಓದುವ ಇದೇ ದನಿ ಮಧ್ಯಾಹ್ನ ಬೇಲಿ ಜಗಳ, ಬಾಳೆಯ ರೋಗ, ಅತ್ತೆ ಸೊಸೆಯ ಪಂಚಾಯಿತಿಗಳನ್ನು ರೇಡಿಯೋದಲ್ಲೇ ತೀರ್ಮಾನ ಮಾಡುತ್ತದೆ. ಶನಿವಾರ ಬಂತೆಂದರೆ ಮದುವೆಯ ಅಂಗಳಗಳಲ್ಲಿ ಹೆಣ್ಣಿನ ಕಡೆಯ ಮಾತುಗಾರನಾಗಿ ನಿಂತು ಗಂಡಿನ ಕಡೆಯವರ ಮಾನ ತೆಗೆಯುತ್ತದೆ. ಈ ವಾರ ಅವರಿಗೆ ಚಿಂತೆ ಹಚ್ಚಿರುವುದು ಬರುವ ಶನಿವಾರದ ಅಂತಹುದೇ ಒಂದು ಅಂಗಳ. ಕಿಹೋಂಡೋ ಊರಿನ ಕೋಬುಸಿಂಗೆ ಎಂಬ ಹುಡುಗಿಯನ್ನು ಅಂದು ಗಂಡನ ಮನೆಗೆ ಒಪ್ಪಿಸಿಕೊಡುತ್ತಾರೆ. ಅರಾಲಿಯೇ ಬಂದು ಮಾತಾಡಬೇಕೆಂದು ಹುಡುಗಿಯ ಹಟ. ಆ ದನಿ ನನ್ನ ಅಂಗಳಕ್ಕೆ ಬಂದರೆ ಒಳಗೆ ಬಾಗಿಲು ಹಾಕಿಕೊಂಡು ಮಲಗುತ್ತೇನೆ ಎಂದು ಅಜ್ಜಿ ಕಬಾಹುಮಾಳ ಹಟ. ಅಜ್ಜಿ ಹೊರಗೆ ಬಂದು ಕೂರದೆ ಹುಡುಗಿಯನ್ನು ಕಳಿಸಿಕೊಡುವಂತಿಲ್ಲ. ಮುದುಕಿಯ ಮನಸ್ಸು ತಿರುಗದಿದ್ದರೆ ಹಿಂದೆ ಸರಿಯಬೇಕಾದವರು ಅರಾಲಿಯೇ.

ಬೇರೆ ಮನೆಯಾಗಿದ್ದರೆ ಸರಿಯುತ್ತಿದ್ದರೇನೋ. ಇದು ಅವರು ಸರಿಯಲಾರದ ಮನೆ.

ಅರಾಲಿ ಹುಟ್ಟಿದ್ದು ಚಹಾ ತೋಟದ ಕೂಲಿ ಮನೆಗಳ ಸಾಲಿನಲ್ಲಿ. ತಾಯಿಯ ಬೆನ್ನಿನ ಬುಟ್ಟಿಯ ಎಲೆ ವಾಸನೆಯಲ್ಲೇ ಬೆಳೆದವರು. ಕೂಲಿ ಬಟವಾಡೆಯ ದಿನ ತೋಟದ ಗೇಟಿನ ಬಳಿ ಎಂಡಿಂಗಿಡಿ ನುಡಿಸುತ್ತಿದ್ದ ಸೋದರಮಾವನ ಕಾಲ ಬುಡದಲ್ಲಿ ಕೂತು ಕಲಿತರು. ಮಾವ ಬಾಯಿಬಿಟ್ಟು ಕಲಿಸಿದ್ದು ಒಂದೇ: ಜನ ಕುಡಿದು ಕುಣಿಯುವಾಗ ಜೋರಾಗಿ ನುಡಿಸಬೇಡ, ಆಗ ಅವರಿಗೆ ಏನೂ ಕೇಳಿಸುವುದಿಲ್ಲ, ಸುಸ್ತಾಗಿ ಕೂತಾಗ ಮೆಲ್ಲಗೆ ನುಡಿಸು. ಹರೆಯದಲ್ಲಿ ಇಗರ್ಜಿಯ ಹಾಡುಗುಂಪು, ಆಮೇಲೆ ಹೋಟೆಲುಗಳ ವಾದ್ಯತಂಡ. ತಮ್ಮದೇ ಒಂದು ಕ್ಯಾಸೆಟ್ಟನ್ನೂ ಮಾಡಿ ಬಸ್ ನಿಲ್ದಾಣದಲ್ಲಿ ಹೆಗಲಚೀಲ ಹಾಕಿಕೊಂಡು ಮಾರಿದರು. ಹೆಂಡತಿಯನ್ನು ಬಿಟ್ಟು ಸೈಕಲ್ಲನ್ನು ಮದುವೆಯಾದವನ ಹಾಡು ಅದರಲ್ಲಿತ್ತು. ಅದನ್ನು ಈಗಲೂ ಸೈಕಲ್ ರಿಪೇರಿಯವರು ಗುನುಗುತ್ತಾರೆ, ಯಾರ ಹಾಡೆಂದು ತಿಳಿಯದೆ.

ರೇಡಿಯೋಗೆ ಬಂದದ್ದು ಒಂದು ಟೇಪ್ ಯಂತ್ರ ಕೆಟ್ಟ ದೆಸೆಯಿಂದ. ಸಂಗೀತ ಹಾಕಲು ಏನೂ ಇಲ್ಲದೆ ಕೇಂದ್ರದವರು ಬೀದಿಯಲ್ಲಿ ಹೋಗುತ್ತಿದ್ದ ಪಿಟೀಲಿನವನನ್ನು ಒಳಗೆ ಕರೆದರು. ಯಂತ್ರ ರಿಪೇರಿಯಾಗಿ ಬಂದ ಮೇಲೂ ಹೊರಗೆ ಹೋಗು ಎನ್ನಲು ಯಾರಿಗೂ ಮನಸ್ಸು ಬರಲಿಲ್ಲ. ಸಂಬಳ ಬಾರದ ತಿಂಗಳುಗಳು ಬಂದವು. ಗಂಟಲು ಕಟ್ಟಿ ಪಿಸುಮಾತಿನಲ್ಲೇ ಸಾವು ಓದಿದ ಬೆಳಗುಗಳೂ ಬಂದವು. ಎಲ್ಲಕ್ಕಿಂತ ಅವರನ್ನು ಹಣ್ಣು ಮಾಡಿದ್ದು ಜನರ ಅಂಜಿಕೆ. ಯಾವ ಮನೆಯ ಬೇಲಿ ದಾಟಿದರೂ ಒಳಗಿನವರ ಮುಖ ಬಿಳಚಿಕೊಳ್ಳುತ್ತದೆ. ಸಾಲದ ಸಕ್ಕರೆ ಕೇಳಲು ಹೋದರೂ ಮೊದಲ ಪ್ರಶ್ನೆ, ಯಾರು ಹೋದ್ರು?

ಹೆಂಡತಿ ಅದ್ಯೇರಿ ಇದನ್ನೆಲ್ಲ ನಗುವಿನಲ್ಲಿ ತೇಲಿಸುತ್ತಾಳೆ. “ಮದುವೆಯಾದ ಹೊಸತರಲ್ಲಿ ಪ್ರೀತಿ ಮಾತು ಆಡೋಕೆ ಬರ್ತಿದ್ರು. ನಾನು ಎದ್ದು ಕೂತ್ಕೊಂಡು, ಯಾವಾಗ ಮಣ್ಣು, ಎಷ್ಟು ಹೊತ್ತಿಗೆ ಅಂತ ಕೇಳ್ತಿದ್ದೆ.” ಅರಾಲಿ ಈ ಮಾತಿಗೆ ಪ್ರತಿಸಲ ಹೊಸದಾಗಿ ಕೇಳಿದವರಂತೆ ನಗುತ್ತಾರೆ.

ಕಿಹೋಂಡೋದ ವಿಷಯಕ್ಕೆ ಬಂದರೆ ಮಾತ್ರ ನಗು ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಕಬಾಹುಮಾಳ ಮಗ ಕಿಸೆಂಬೋ ರಾಜಧಾನಿ ಕಂಪಾಲಾದ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡ. ತಾಯಿಗೆ ಇಂತಹ ಸುದ್ದಿಯನ್ನು ಹೇಳುವ ಕ್ರಮ ಬೇರೆ. ಮನೆತನದ ಇಬ್ಬರು ಕಾಲ್ನಡಿಗೆಯಲ್ಲಿ ಅಂಗಳಕ್ಕೆ ಬರಬೇಕು, ಒಲೆ ಹತ್ತಿದೆಯೇ ಎಂದು ಕೇಳಬೇಕು, ಅವಳ ಹೊಟ್ಟೆಗೆ ಒಂದು ತುತ್ತು ಹೋಗುವ ತನಕ ಕಾಯಬೇಕು, ಆಮೇಲೆ ಪಕ್ಕದಲ್ಲಿ ಕೂತು ಹೇಳಬೇಕು. ಬರಿ ಹೊಟ್ಟೆಯ ಮೇಲೆ ಸಾವು ಬೀಳಬಾರದು. ಕಿಸೆಂಬೋನ ತಮ್ಮ ಕ್ರಮ ಬಿಡಲಿಲ್ಲ. ಇಬ್ಬರನ್ನು ಕಳಿಸಿದ, ಜೊತೆಗೆ ರೇಡಿಯೋಗೂ ಚೀಟಿ ಕಳಿಸಿದ. ಕಂಪಾಲಾದಿಂದ ಹೊರಟ ಅವರ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತು. ರೇಡಿಯೋ ಕೆಡಲಿಲ್ಲ. ಅರಾಲಿ ಎಂದಿನಂತೆ ಓದಿದರು. ಮುದುಕಿ ಒಲೆಯ ಮುಂದೆ ಒಬ್ಬಳೇ ಕೂತು ತನ್ನ ಮಗನ ಹೆಸರನ್ನು, ಅವನ ಅಪ್ಪನ ಹೆಸರನ್ನು, ಮಣ್ಣು ಮಾಡುವ ಹೊತ್ತನ್ನು ಕೇಳಿದಳು. ಆಮೇಲೆ ಗೊಬ್ಬರದ ಜಾಹೀರಾತನ್ನೂ ಕೇಳಿದಳು.

ಯಾರೂ ಅರಾಲಿಯವರ ಮೇಲೆ ತಪ್ಪು ಹೊರಿಸಲಿಲ್ಲ. ಆದರೆ ಅಂದಿನಿಂದ ಮುದುಕಿ ಅವರನ್ನು ಅರಾಲಿ ಎನ್ನುವುದನ್ನು ಬಿಟ್ಟಳು. ಈ ಟೂರೋ ಸೀಮೆಯಲ್ಲಿ ಪ್ರತಿ ಮಗುವಿಗೂ ಹೆಸರಿನ ಜೊತೆ ಒಂದು ಅಕ್ಕರೆಯ ಹೆಸರು ಇಡುತ್ತಾರೆ; ಬಸಾಲಿಜಾ ಅವರಿಗೆ ಇಟ್ಟದ್ದು ಅರಾಲಿ. ಶತ್ರುವನ್ನು ಬೈಯುವಾಗಲೂ ಅದನ್ನು ಹಿಡಿದೇ ಬೈಯುತ್ತಾರೆ. ಸಂತೆಯಲ್ಲಿ ಎದುರಾದಾಗ ಇವರು “ಅತೇನ್ಯಿ, ಚೆನ್ನಾಗಿದ್ದೀರಾ” ಎಂದು ಅವಳ ಅಕ್ಕರೆಯ ಹೆಸರಿನಲ್ಲಿ ಮಾತಾಡಿಸಿದರೆ, ಅವಳು “ಇದ್ದೀನಿ ಬಸಾಲಿಜಾ” ಎಂದಷ್ಟೇ ಹೇಳಿ ಹೋಗುತ್ತಿದ್ದಳು. ಸುತ್ತಲಿನವರು ನೆಲ ನೋಡುತ್ತಿದ್ದರು. ಪಿಟೀಲು ಹಿಡಿದು ಕಾಯುವ ಪದ್ಧತಿ ಶುರುವಾದದ್ದು ಆಗಲೇ.

ಈಗ ಆ ಕಿಸೆಂಬೋನ ಮಗಳೇ ಮದುಮಗಳು. ಹೋದ ವಾರ ಅವಳು ರೇಡಿಯೋ ಕೇಂದ್ರದ ಮೆಟ್ಟಿಲ ಮೇಲೆ ಕೂತು ಅರಾಲಿಯವರನ್ನು ಕಾದಿದ್ದಳು. ಹುಡುಗಿಯನ್ನು ಒಪ್ಪಿಸುವ ಮುನ್ನ ಮಾತುಗಾರ ಅಂಗಳದ ನಡುವೆ ನಿಂತು ಅವಳ ತಂದೆಯ ಹೆಸರು ಕೂಗಿ ಅಪ್ಪಣೆ ಕೇಳಬೇಕು. ತಂದೆ ಇಲ್ಲದಿದ್ದರೆ ಅವನ ಪರವಾಗಿ ಮನೆಯವರು ಯಾರಾದರೂ ಓಗೊಡಬೇಕು. ಹುಡುಗಿ ಕೇಳಿದ್ದು ಇಷ್ಟೇ. “ಮಾವಾ, ನಮ್ಮಪ್ಪನ ಹೆಸರನ್ನ ಊರೆಲ್ಲಾ ಕೊನೇ ಸಲ ಕೇಳಿದ್ದು ನಿಮ್ಮ ಬಾಯಲ್ಲಿ, ಸತ್ತ ಅಂತ. ಅದೇ ಬಾಯಲ್ಲಿ ಇನ್ನೊಂದು ಸಲ ಕೇಳ್ಬೇಕು. ಬೇರೆಯವರು ಹೇಳಿದ್ರೆ ಅದು ಹಾಗೇ ಉಳಿದುಬಿಡುತ್ತೆ.”

ಗುರುವಾರ ಅರಾಲಿ ಕಿಹೋಂಡೋಗೆ ಹೋಗುತ್ತಾರೆ. ಸೇತುವೆಯ ತನಕ ಬಾಡಿಗೆ ಮೋಟಾರ್ ಸೈಕಲ್ಲು, ಅಲ್ಲಿಂದ ಮುಂದೆ ಬಾಳೆಯ ತೋಟಗಳ ನಡುವೆ ನಡಿಗೆ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಹೊಂದಿಸಿಕೊಳ್ಳುತ್ತಾರೆ. ಮದುವೆಯ ಅಂಗಳದಲ್ಲಿ ಕಲ್ಲನ್ನೂ ಕರಗಿಸುವ ನಾಲಿಗೆ. ಈ ಬೇಲಿಯ ಬಳಿ ಬಂದಾಗ ಹೊಂದಿಸಿದ್ದೆಲ್ಲ ಉದುರಿ ಹೋಗುತ್ತದೆ.

ಮುದುಕಿ ಜಗಲಿಯ ಮೇಲೆ ಕೂತು, ನೆನೆಸಿದ ಹುರುಳಿಕಾಯಿ ಬೀಜದ ಸಿಪ್ಪೆ ಬಿಡಿಸುತ್ತಿದ್ದಾಳೆ. ಕಣ್ಣು ಮಂಜು. ಇವರು ಹೊರಗಿನಿಂದಲೇ ನಮಸ್ಕಾರ ಹೇಳುತ್ತಾರೆ.

“ಬಸಾಲಿಜಾ,” ಎನ್ನುತ್ತಾಳೆ ತಲೆ ಎತ್ತದೆ. “ಯಾರು ಸತ್ತರು?”

“ಯಾರೂ ಸತ್ತಿಲ್ಲ ಅತೇನ್ಯಿ.”

“ಮತ್ತೆ ಯಾಕೆ ಬಂದೆ? ರೇಡಿಯೋದವನಿಗೆ ಕಾಲೂ ಇದೆಯಾ? ಬರೀ ಬಾಯಿ ಅಂದ್ಕೊಂಡಿದ್ದೆ.”

ಅರಾಲಿ ಬೇಲಿಯ ಬಳಿಯೇ ನಿಂತು ಕ್ಷಮೆ ಕೇಳುತ್ತಾರೆ. ಅಂದು ಚೀಟಿ ಬಂದಾಗ ವಿಚಾರಿಸಬೇಕಿತ್ತು, ವಿಚಾರಿಸಲಿಲ್ಲ ಎನ್ನುತ್ತಾರೆ. ಮುದುಕಿ ಬೀಜ ಬಿಡಿಸುತ್ತಲೇ ಕೇಳಿಸಿಕೊಂಡು, ಕೊನೆಗೆ ಕೈ ಒರೆಸಿಕೊಳ್ಳುತ್ತಾಳೆ.

“ನಿನ್ನ ಕ್ಷಮೆ ನೀನೇ ಇಟ್ಕೋ. ಚೀಟಿ ಕೊಟ್ಟರು, ಓದಿದೆ. ನಿನ್ನ ಕೆಲಸ ಅದು. ನನಗೆ ಅದು ಬೇಡ. ನನಗೆ ಸುದ್ದಿ ಬೇಕು.”

“ಯಾವ ಸುದ್ದಿ ಅತೇನ್ಯಿ?”

“ಕಿಸೆಂಬೋದು. ನನಗೆ ಯಾರೂ ಹೇಳೇ ಇಲ್ಲ. ರೇಡಿಯೋ ಊರಿಗೆ ಹೇಳ್ತು. ಆ ಇಬ್ಬರು ಸಂಜೆ ಬಂದ್ರು, ನನಗೆ ಗೊತ್ತಾಗಿದೆ ಅಂತ ಅಳ್ತಾ ನಿಂತ್ಕೊಂಡ್ರು. ಬಂದವರೆಲ್ಲಾ ಗೊತ್ತಲ್ಲಾ ಅಂತ ಅತ್ತು, ಉಂಡು ಹೋದ್ರು. ಈ ಅಂಗಳದಲ್ಲಿ ಕೂತು, ಅಮ್ಮಾ ನಿನ್ನ ಮಗ ಹೋದ ಅಂತ ಒಬ್ಬರೂ ಹೇಳ್ಲಿಲ್ಲ. ಇಷ್ಟು ವರ್ಷ ಆಯ್ತು, ಯಾರಾದ್ರೂ ಬರ್ತಾರೇನೋ ಅಂತ ಕಾಯ್ತಾ ಇದ್ದೀನಿ.”

ಅರಾಲಿ ಹಿಂದೆ ತಿರುಗಿ, ಬಂದ ದಾರಿಯಲ್ಲೇ ಬಾಳೆಯ ಸಾಲಿನ ತುದಿಯ ತನಕ ಹೋಗುತ್ತಾರೆ. ಮುದುಕಿ ಕತ್ತು ನೀಡಿ ನೋಡುತ್ತಾಳೆ, ಹೊರಟೇ ಹೋದನೇನೋ ಎಂದು. ಅವರು ಅಲ್ಲಿ ಹಳ್ಳದ ನೀರಲ್ಲಿ ಮುಖ ತೊಳೆದು, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಹೊಸದಾಗಿ ಬಂದವರಂತೆ ನಡೆದು ಬರುತ್ತಾರೆ. ಕ್ರಮದಂತೆ ಇಬ್ಬರಿರಬೇಕಿತ್ತು, ಇಂದು ಒಬ್ಬರೇ. ಅಂಗಳದೊಳಗೆ ಕಾಲಿಡುತ್ತಾರೆ.

“ಅತೇನ್ಯಿ, ಒಲೆ ಹತ್ತಿದೆಯಾ?”

“ಹತ್ತಿದೆ.”

“ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ರಾ?”

“ಇನ್ನೂ ಇಲ್ಲ.”

“ಹಾಕ್ಕೊಳ್ಳಿ. ನಾನು ಕೂತಿರ್ತೀನಿ.”

ಅವಳು ಎದ್ದು ಒಳಗೆ ಹೋಗಿ, ಬೆಳಗಿನ ರಾಗಿಮುದ್ದೆಯನ್ನೂ ಒಂದಿಷ್ಟು ಸೊಪ್ಪನ್ನೂ ಬುಟ್ಟಿಯಲ್ಲಿ ತಂದು ನಡುವೆ ಇಡುತ್ತಾಳೆ. ಇಬ್ಬರೂ ಉಣ್ಣುತ್ತಾರೆ. ಅಂಗಳಕ್ಕೆ ಬಿಸಿಲು ಬರುತ್ತದೆ. ದೇವರು ಆ ಹೊತ್ತು ಬೇರೆಲ್ಲ ಕೆಲಸ ಬಿಟ್ಟು ಅಲ್ಲಿಯೇ ಮೂಲೆಯಲ್ಲಿ ಕೂತಿದ್ದನೆಂದರೆ ನಂಬಬಹುದು. ಮುದುಕಿ ಕೈ ತೊಳೆದ ಮೇಲೆ ಅರಾಲಿ ಅವಳ ಪಕ್ಕಕ್ಕೆ ಸರಿದು, ರೇಡಿಯೋದಲ್ಲಿ ಯಾರೂ ಕೇಳಿರದ ಸಣ್ಣ ದನಿಯಲ್ಲಿ ಹೇಳುತ್ತಾರೆ.

“ಅತೇನ್ಯಿ, ನಿಮ್ಮ ಮಗ ಕಿಸೆಂಬೋ ಹೋಗ್ಬಿಟ್ಟ. ಕಂಪಾಲಾದಲ್ಲಿ. ಜ್ವರ ಬಂದಿತ್ತು, ಇಳೀಲಿಲ್ಲ. ಅವನ ತಮ್ಮ ಪಕ್ಕದಲ್ಲೇ ಇದ್ದನಂತೆ, ಕೈ ಹಿಡ್ಕೊಂಡಿದ್ದನಂತೆ. ಅವನನ್ನ ಮನೆಗೆ ಕರ್ಕೊಂಡು ಬರ್ತಾ ಇದ್ದಾರೆ.”

“ಏನಾದ್ರೂ ಕೇಳಿದ್ನಾ?”

“ಗೊತ್ತಿಲ್ಲ ಅತೇನ್ಯಿ. ಗೊತ್ತಿಲ್ಲದ್ದನ್ನ ನಾನು ಹೇಳೋದಿಲ್ಲ.”

ಮುದುಕಿ ತಲೆಯಾಡಿಸುತ್ತಾಳೆ. ಆಮೇಲೆ ಹೊದ್ದ ಬಟ್ಟೆಯಿಂದ ಮುಖ ಮುಚ್ಚಿಕೊಂಡು, ಅಂದು ಅಳಬೇಕಿದ್ದ ಅಳುವನ್ನು ಅಳುತ್ತಾಳೆ. ಅದು ತೋಟದಾಚೆಗೂ ಕೇಳುತ್ತದೆ. ನೆರೆಯ ಹೆಂಗಸರು ಗುದ್ದಲಿ ಬಿಟ್ಟು ಓಡಿಬಂದು, ಅಲ್ಲಿ ಅರಾಲಿಯವರನ್ನು ಕಂಡು, ಯಾರು, ಯಾರು ಎಂದು ಕೇಳುತ್ತಾರೆ. ಕಿಸೆಂಬೋ ಎನ್ನುತ್ತಾರೆ ಇವರು. ಒಬ್ಬರ ಮುಖ ಒಬ್ಬರು ನೋಡಿಕೊಂಡ ಆ ಹೆಂಗಸರಿಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯುವುದಿಲ್ಲ. ಒಬ್ಬಳು ಮನೆಗೆ ಹೋಗಿ ಸೌದೆ ಹೊತ್ತು ತರುತ್ತಾಳೆ, ಇನ್ನೊಬ್ಬಳು ಬಾಳೆಗೊನೆ. ಸಾವಿನ ಮನೆಗೆ ಬರಿಗೈಯಲ್ಲಿ ಬರುವಂತಿಲ್ಲ. ಸಂಜೆಯ ತನಕ ಎಲ್ಲರೂ ಅಲ್ಲೇ ಕೂತಿರುತ್ತಾರೆ. ಕಿಸೆಂಬೋ ಚಿಕ್ಕವನಿದ್ದಾಗ ಇಗರ್ಜಿಯ ಗಂಟೆಗೆ ಜೋತುಬಿದ್ದ ಕತೆ ಹೇಳಿ ನಗುತ್ತಾರೆ, ಮತ್ತೆ ಅಳುತ್ತಾರೆ.

ಹೊರಡಲು ಎದ್ದಾಗ ಮುದುಕಿ ಅವರ ಕೈ ಹಿಡಿಯುತ್ತಾಳೆ.

“ಶನಿವಾರ ಬೇಗ ಬಾ ಅರಾಲಿ. ಗಂಡಿನ ಕಡೆ ಮಾತುಗಾರ ಬಲು ಬಾಯಿಬಡುಕ ಅಂತೆ. ನಮ್ಮ ಹುಡುಗಿಯನ್ನ ಅಗ್ಗಕ್ಕೆ ಬಿಟ್ಟೀಯೆ.”

ಸೇತುವೆಯ ತನಕ ಅರಾಲಿ ಹೇಗೆ ನಡೆದರೋ ಅವರಿಗೇ ನೆನಪಿಲ್ಲ.

ಶನಿವಾರ ಕಿಹೋಂಡೋದ ಅಂಗಳದಲ್ಲಿ ಚಪ್ಪರ ಎದ್ದಿದೆ. ಗಂಡಿನ ಕಡೆಯವರು ಪದ್ಧತಿಯಂತೆ ದಾರಿ ತಪ್ಪಿದ ಪರದೇಶಿಗಳ ಹಾಗೆ ಬೇಲಿಯ ಹೊರಗೆ ನಿಂತಿದ್ದಾರೆ. ಅವರ ಮಾತುಗಾರ ನಿಜಕ್ಕೂ ಬಾಯಿಬಡುಕನೇ. ನಮ್ಮ ಕರು ತಪ್ಪಿಸಿಕೊಂಡಿತು, ಹೆಜ್ಜೆ ಹಿಡಿದು ಬಂದರೆ ಈ ಮನೆಗೇ ಬಂತು ಎನ್ನುತ್ತಾನೆ. ಅರಾಲಿ ಅವನ ಹೊಳೆಯುವ ಬೂಟುಗಳನ್ನು ಒಮ್ಮೆ ನೋಡಿ, ಕರು ಹುಡುಕೋರು ಇಷ್ಟು ಚೆಂದದ ಬೂಟು ಹಾಕ್ಕೊಂಡು ಬರಲ್ಲ, ಕರು ಕದಿಯೋರು ಬರ್ತಾರೆ ಎನ್ನುತ್ತಾರೆ. ಚಪ್ಪರ ನಗುವಿನಿಂದ ಅದುರುತ್ತದೆ. ದಾರಿ ತಪ್ಪಿದವರಿಗೆ ಹಾಡು ಬರುತ್ತದೆಯೇ ಎಂದು ಕೇಳಿ, ಹಾಡಿಸಿ, ರಾಗ ಸರಿಯಿಲ್ಲವೆಂದು ಮತ್ತೆ ಹಾಡಿಸಿ, ಬಂದವರಿಗೆ ಅಗಿಯಲು ಕೊಡುವ ಕಾಫಿ ಬೀಜದ ಬುಟ್ಟಿ ಸುತ್ತು ಬಂದು, ಹೆಣ್ಣಿಗೆ ತೆರವಾಗಿ ಕೊಡುವ ಹಸುಗಳ ಮಾತು ಮುಗಿಯುವಷ್ಟರಲ್ಲಿ ಬಿಸಿಲು ಬಾಗಿದೆ. ಊಟ ಬಡಿಸಿದ್ದಾರೆ. ಹಿರಿಯ ಹೆಂಗಸರ ಸಾಲಿನಲ್ಲಿ, ಹೊಸ ಬಟ್ಟೆ ಹೊದ್ದು, ಕಬಾಹುಮಾ ಹೊರಗೆ ಕೂತಿದ್ದಾಳೆ.

ಹುಡುಗಿ ಒಳಗಿನಿಂದ ಬಂದು ಚಾಪೆಯ ಮೇಲೆ ಮಂಡಿಯೂರುತ್ತಾಳೆ. ಅರಾಲಿ ಮೈಕನ್ನು ಕೆಳಗಿಡುತ್ತಾರೆ. ಮೈಕು ಕೆಟ್ಟಿತೇನೋ ಎಂದು ಯಾರೋ ಎದ್ದರೆ, ಬೇಡ ಎಂದು ಕೈ ತೋರಿಸುತ್ತಾರೆ. ಅಂಗಳ ಸದ್ದಡಗುತ್ತದೆ. ಅವರು ಬರಿಗಂಟಲಿನಲ್ಲಿ ಕೂಗುತ್ತಾರೆ.

“ಕಿಸೆಂಬೋ ಅಪೂಲಿ, ನಿನ್ನ ಮಗಳು ಕೋಬುಸಿಂಗೆ ಅಬ್ವೋಲಿ ಹೊರಟಿದ್ದಾಳೆ. ಕಳಿಸ್ಲಾ?”

ಓಗೊಡಲೆಂದು ಹುಡುಗಿಯ ಚಿಕ್ಕಪ್ಪ ಕುರ್ಚಿಯಿಂದ ಏಳುವಷ್ಟರಲ್ಲಿ ಹೆಂಗಸರ ಸಾಲಿನಿಂದ ಉತ್ತರ ಬರುತ್ತದೆ.

“ಕಳಿಸು ಅರಾಲಿ. ಅವನ ಬದಲಿಗೆ ನಾನಿದ್ದೀನಿ.”

ಡೋಲುಗಳು ಏಳುತ್ತವೆ, ಕಾಲಿಗೆ ಗಿಲಕಿ ಕಟ್ಟಿದ ಹುಡುಗರು ನೆಲ ಅದುರಿಸುತ್ತಾರೆ. ಹುಡುಗಿ ಅಳುತ್ತಾ ನಗುತ್ತಾ ಹೊರಟುಹೋಗುತ್ತಾಳೆ.

ಜನ ಕರಗಿದ ಮೇಲೆ ಅರಾಲಿ ಚಪ್ಪರದ ಕಂಬಕ್ಕೆ ಒರಗಿ ಕೂತು ಕಮಾನಿನ ಎಳೆಗಳನ್ನು ಸಡಿಲಿಸುತ್ತಾರೆ. ಇಷ್ಟು ವರ್ಷ ಮಾತಾಡಿ ಬದುಕಿದವರಿಗೆ ಯಾವ ಮಾತಿನ ಬಗ್ಗೆ ಹೆಮ್ಮೆ ಎಂದು ಕೇಳಿದರೆ, ಮಾತಿನ ಬಗ್ಗೆ ಏನೂ ಹೇಳುವುದಿಲ್ಲ.

“ಅವನ ಹೆಸರು ಕೂಗೋವಾಗ ಅಜ್ಜಿ ಕಡೆ ನೋಡ್ದೆ,” ಎನ್ನುತ್ತಾರೆ. “ಊಟ ಮಾಡ್ತಾ ಇದ್ರು. ಹೆಸರು ಕೇಳಿಸ್ತು, ನನಗೆ ಉತ್ತರಾನೂ ಕೊಟ್ರು. ಆದ್ರೆ ಕೈಯಲ್ಲಿದ್ದ ತುತ್ತು ಕೆಳಗಿಡಲಿಲ್ಲ. ಹಾಗೇ ಬಾಯಿಗೆ ಹಾಕ್ಕೊಂಡ್ರು.”